ಹಿಂದಕ್ಕೆ ಹೋಗುವ ಗಾಡಿ

ಇಂದು ಮುಂಜಾನೆ ಗಾಡಿಯ ಹಿಂಬಾಗಿಲು ತೆರೆದೆ ನೋಡಿ, ಒಳಗಿನಿಂದ ಹೊಳೆಯ ವಾಸನೆ ಬಂತು. ಹಸಿ ಉಸುಕು, ಪಾಚಿ, ಸ್ವಲ್ಪ ಡೀಸೆಲ್ಲು, ಎಲ್ಲ ಕೂಡಿದ ವಾಸನೆ. ಬಾಗಲಕೋಟೆಯ ಈ ನವನಗರದ ನಮ್ಮ ಸಾಲಿನಲ್ಲಿ ಮುಂಜಾನೆ ಊದಿನಕಡ್ಡಿ ಮತ್ತು ಒಗ್ಗರಣೆ ಬಿಟ್ಟರೆ ಬೇರೆ ವಾಸನೆಗೆ ಅವಕಾಶವೇ ಇಲ್ಲ. ತೊಳೆಯಬೇಕೆಂದು ಬಕೆಟ್ಟು ತಂದವನು ತೊಳೆಯಲೋ ಬೇಡವೋ ತಿಳಿಯದೆ ಬಾಗಿಲು ಹಿಡಿದುಕೊಂಡು ಸುಮ್ಮನೆ ನಿಂತೆ.

ನೀವು ತಪ್ಪು ತಿಳಿಯುವ ಮೊದಲೇ ಹೇಳಿಬಿಡುತ್ತೇನೆ: ನಾನು ಸಾಹಸಿಯಲ್ಲ. ತಹಶೀಲ್ದಾರ ಕಚೇರಿಯಲ್ಲಿ ಸರ್ವಿಸು ಮುಗಿಸಿದವನು. ಕಪಾಟಿನ ಮೇಲಿನ ಫೈಲು ತೆಗೆಯಲು ಸ್ಟೂಲು ಹತ್ತಿದ್ದೇ ನನ್ನ ದೊಡ್ಡ ಪರ್ವತಾರೋಹಣ. ಸೈಕಲ್ಲೊಂದನ್ನು ಬಿಟ್ಟರೆ ಯಾವ ಗಾಡಿಯನ್ನೂ ನಡೆಸಿದವನಲ್ಲ. ಗಾಡಿ ನನ್ನ ಹೆಂಡತಿ ಕಸ್ತೂರಿಯದು. ಅವಳು ನರ್ಸ್ ಆಗಿದ್ದಳು. ಸರಕಾರಿ ಜೀಪಿನ ಹಿಂದಿನ ಸೀಟಿನಲ್ಲಿ ಲಸಿಕೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹುನಗುಂದ ತಾಲೂಕಿನ ಹಳ್ಳಿಗಳನ್ನೆಲ್ಲ ಸುತ್ತಿದವಳು. ಸುತ್ತುತ್ತ ಸುತ್ತುತ್ತ ಡ್ರೈವರನ ಕಾಲು ನೋಡಿಯೇ ಅರ್ಧ ಕಲಿತಿದ್ದಳಂತೆ. ನಿವೃತ್ತಿಯಾದ ಮೇಲೆ ಎಲ್ಲರ ಹೆಂಡಂದಿರು ಕಾಶಿಗೆ ಹೋಗುತ್ತೇನೆನ್ನುವ ಹೊತ್ತಿಗೆ ಇವಳು ನಾಲ್ಕೂ ಗಾಲಿ ಎಳೆಯುವ ಒಂದು ಹಳೇ ಸಣ್ಣ ಜೀಪನ್ನು ಮನೆ ಮುಂದೆ ತಂದು ನಿಲ್ಲಿಸಿದಳು.

"ಇದ್ಯಾಕ ತಂದಿ?" ಎಂದೆ.

"ಅಕ್ಕನ್ನ ಹೊಳಿಗೆ ಕರಕೊಂಡ ಹೋಗಾಕ್ರಿ."

ಅಕ್ಕ ಅಂದರೆ ಇಲಕಲ್ಲಿನ ಶಂಕ್ರವ್ವ. ಕಸ್ತೂರಿಯ ಹಿರಿಯಕ್ಕ. ತಾಯಿ ಬೇಗ ತೀರಿಕೊಂಡಿದ್ದರಿಂದ ಇವಳ ತಲೆ ಬಾಚಿ, ಬುತ್ತಿ ಕಟ್ಟಿ ಸಾಲೆಗೆ ಕಳಿಸಿದವಳು ಅವಳೇ. ಅವರ ತವರು ಶಿವಯೋಗ ಮಂದಿರದ ಹತ್ತಿರ, ಮಲಪ್ರಭೆಯ ದಂಡೆಯ ಒಂದು ಹಳ್ಳಿ. ಶಂಕ್ರವ್ವ ಮದುವೆಯಾಗಿ ಇಲಕಲ್ಲಿಗೆ ಹೋದಮೇಲೆ ಅವಳ ಕಾಲು ಹೊಳೆಯಿಂದ ನೇರವಾಗಿ ಮಗ್ಗದ ಕುಣಿಗೆ ಇಳಿದವು. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು, ತುಳಿಯುತ್ತ, ಎಷ್ಟು ಸೀರೆ ನೇಯ್ದಳೋ ಅವಳಿಗೇ ಗೊತ್ತಿಲ್ಲ. ಎರಡು ವರ್ಷದ ಹಿಂದೆ ಮಾಳಿಗೆಯ ನಿಚ್ಚಣಿಕೆಯಿಂದ ಜಾರಿ ಬಿದ್ದಳು. ಬೆನ್ನಿನ ಎಲುಬಿಗೆ ಪೆಟ್ಟಾಗಿ ಸೊಂಟದ ಕೆಳಗೆ ಬಲವೂ ಸ್ಪರ್ಶವೂ ಹೋದವು. ಅಂದಿನಿಂದ ಅವಳದು ಒಂದೇ ಮಾತು: "ಒಮ್ಮೆ ಹೊಳ್ಯಾಗ ಕಾಲು ಇಳಿಬಿಟ್ಟು ಕೂಡಬೇಕು."

ಹೊತ್ತುಕೊಂಡು ಹೋಗೋಣವೆಂದು ಅವಳ ಮಗ ಮಹಾಂತೇಶ ಹೇಳಿದ್ದ. ಶಂಕ್ರವ್ವ ಒಪ್ಪಲಿಲ್ಲ. "ಮನಿಯೊಳಗ ನೀ ಎತ್ತೂದು ಬ್ಯಾರೆ. ಊರ ಮುಂದ ನಾಕ ಮಂದಿ ಹೊತ್ತಕೊಂಡ ಹೋಗೂದು ಜಲ್ಮಕ್ಕ ಒಂದ ಸಲ. ಅದಕ್ಕ ಇನ್ನೂ ಟೈಮ್ ಐತಿ," ಎಂದುಬಿಟ್ಟಳು.

ನನಗೆ ತಿಳಿಯದೇ ಹೋದದ್ದು ಬೇರೆ. ಕಾಲಿಗೆ ಏನೂ ಗೊತ್ತಾಗುವುದಿಲ್ಲವೆಂದು ಡಾಕ್ಟರು ಹೇಳಿಯಾಗಿದೆ. ಗೊತ್ತಾಗದ ಕಾಲನ್ನು ನೀರಿಗೆ ಬಿಟ್ಟರೇನು, ದಿಂಬಿನ ಮೇಲಿಟ್ಟರೇನು? ಕಸ್ತೂರಿಗೆ ಇದನ್ನು ಕೇಳಿದೆ. ಅವಳು ಮೆಂತ್ಯಪಲ್ಯೆ ಸೋಸುತ್ತಿದ್ದಳು. ತಲೆ ಎತ್ತಿ ನನ್ನನ್ನೊಮ್ಮೆ ನೋಡಿ ಮತ್ತೆ ಸೋಸತೊಡಗಿದಳು. ಆ ನೋಟದ ಅರ್ಥ ಹುಡುಕುವುದರಲ್ಲಿ ನನ್ನ ಒಂದು ವಾರ ಕಳೆಯಿತು.

ಅಷ್ಟರಲ್ಲಿ ಗಾಡಿ ಬಾಗಲಕೋಟೆಯ ದಾವಲಸಾಬನ ಗ್ಯಾರೇಜು ಸೇರಿತ್ತು. ನಾನು ದಿನಾ ಹೋಗಿ ಕೂಡುತ್ತಿದ್ದೆ, ದಿನಾ ಇನ್ನಷ್ಟು ಗೊಂದಲ ಹೊತ್ತು ಬರುತ್ತಿದ್ದೆ. ಗಾಡಿಗೆ ಗೇರಿನ ಕೋಲು ಎರಡು. ಒಂದು ದೊಡ್ಡದು, ಒಂದು ಗಿಡ್ಡದು. ಗಿಡ್ಡದನ್ನು ಒಂದು ಸಲ ಎಳೆದರೆ ನಾಲ್ಕೂ ಗಾಲಿ ಎಳೆಯುತ್ತವೆ, ಇನ್ನೊಂದು ಸಲ ಎಳೆದರೆ ಅವೇ ನಾಲ್ಕು ನಿಧಾನವಾಗಿ ಆದರೆ ಜೋರಾಗಿ ಎಳೆಯುತ್ತವೆ. ನಿಧಾನವಾಗಿ ಜೋರಾಗಿ ಅಂದರೆ ಹೇಗೆ ಎಂದು ಕೇಳಿದರೆ ದಾವಲಸಾಬನೂ ತಡವರಿಸಿದ. "ಅದು ಹಂಗ ಐತ್ರಿ ಕಾಕಾ," ಎಂದ. ಅಗಲವಾದ ಗಾಲಿ ಬಂದವು. ಒಳಗಿನ ಸೀಟು ಕಿತ್ತು, ಹಿಂಬಾಗಿಲಿನ ಕಡೆ ಮುಖ ಮಾಡಿದ ಒಂದು ಸೀಟು ಕೂಡಿಸಿದರು, ಅದಕ್ಕೆ ಎದೆಗೂ ಸೊಂಟಕ್ಕೂ ಅಗಲವಾದ ಪಟ್ಟಿ. ಎಂಜಿನ್ನಿನಿಂದ ಹೊರಟ ಒಂದು ಕೊಳವೆ ಮುಂದಿನ ಗಾಜಿನ ಪಕ್ಕದಲ್ಲಿ ಮೇಲೆದ್ದು ನಿಂತಿತು. "ಹೊಳ್ಯಾಗ ಗಾಡಿ ಉಸಿರು ಹೆಂಗ ತಗೋಬೇಕ್ರಿ? ಅದಕ್ಕ ಮೂಗು ಮ್ಯಾಲೆ ಒಯ್ದೇನಿ," ಎಂದು ದಾವಲಸಾಬ ಹೆಮ್ಮೆಪಟ್ಟ. ಗಾಡಿ ಮನೆಗೆ ಬಂದಾಗ ನಮ್ಮ ಸಾಲಿನ ಜನ ಬಂದು ಆ ಮೂಗು ಮುಟ್ಟಿ ನೋಡಿ ಹೋದರು.

ಎಲ್ಲ ಮುಗಿಯಿತು ಅಂದುಕೊಂಡ ಮೇಲೆ ಒಂದು ಸಂಜೆ ಕಸ್ತೂರಿ ಪೈಪು ಹಿಡಿದು ಗಾಡಿ ತೊಳೆಯುತ್ತಿದ್ದಳು. ಹಿಂದೆ ಬಂದವಳು ಸೈಲೆನ್ಸರಿನ ಬಾಯಿಯ ಹತ್ತಿರ ತಟ್ಟನೆ ನಿಂತಳು.

"ರೀ, ಅಕ್ಕ ಕೂಡೂದು ಹಿಂದ ಅಲ್ಲೇನ್ರಿ?"

"ಹೌದು."

"ಅಂದರ ಹೊಳಿಗೆ ಇಳಿಯೂದು ಗಾಡಿ ಮುಖ ಅಲ್ಲ, ಬೆನ್ನು!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಮೇಲೆತ್ತಿ ನಿಲ್ಲಿಸಿದ ಮೂಗು ಒಣ ದಂಡೆಯ ಮೇಲೆ ಇರುತ್ತದೆ. ಹೊಗೆ ಬಿಡುವ ಕೊಳವೆ ನೀರಲ್ಲಿ ಮುಳುಗುತ್ತದೆ. ಮರುದಿನ ದಾವಲಸಾಬ ತಲೆಯ ಮೇಲೆ ಕೈ ಹೊತ್ತು ಕೂತ. "ನಾನೂ ವಿಚಾರ ಮಾಡಲಿಲ್ರಿ ಕಾಕಾ. ಎಲ್ಲಾರೂ ಹೊಳಿಗೆ ಮುಂದ ಹೋಗೋರ. ಹಿಂದ ಹಿಂದ ಹೋಗೂ ಗಿರಾಕಿ ನೀವ ಮೊದಲು!" ಸೈಲೆನ್ಸರು ಗಾಡಿಯ ಹಿಂಬದಿಯ ಮೂಲೆ ಹಿಡಿದು ಮಾಳಿಗೆ ಹತ್ತಿತು. ಮುಂದಿನ ಮೂಗನ್ನು ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ.

ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ಹೊರಟೆವು. ಇಲಕಲ್ಲಿನಲ್ಲಿ ಮಹಾಂತೇಶ ತಾಯಿಯನ್ನು ಎತ್ತಿ ಸೀಟಿನಲ್ಲಿ ಕೂಡಿಸಿ, ಪಟ್ಟಿ ಬಿಗಿದು, ಕೌದಿ ಹೊದಿಸಿ ಕಳಿಸಿದ. ಕಸ್ತೂರಿ ಸ್ಟೇರಿಂಗು ಹಿಡಿದಳು, ಪಕ್ಕದಲ್ಲಿ ನಾನು. ನಮ್ಮ ಮುಖ ಮುಂದೆ, ಶಂಕ್ರವ್ವನ ಮುಖ ಹಿಂದೆ. ಹುನಗುಂದ ದಾಟಿದ ಮೇಲೆ ನಾನು ಮಾತಿಗೆಂದು, "ಗುಡ್ಡ ಬಂತು ನೋಡ್ರಿ ಅಕ್ಕಾರ," ಎಂದೆ. "ಎಲ್ಲೈತ್ರಿ?" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಹಾಂ, ಹೊಂಟ ಹೋತು," ಎಂದಳು. ದಾರಿಯುದ್ದಕ್ಕೂ ನನಗೆ ಬರುತ್ತಿದ್ದದ್ದೆಲ್ಲ ಅವಳಿಗೆ ಹೋಗುತ್ತಿತ್ತು. ಯಾರು ಸರಿಯಾಗಿ ನೋಡುತ್ತಿದ್ದಾರೆಂದು ನನಗೆ ಬಾದಾಮಿಯ ಕಡೆಯ ಕೆಂಪು ಬಂಡೆಗಳು ಕಾಣುವವರೆಗೂ ಬಗೆಹರಿಯಲಿಲ್ಲ.

ಶಿವಯೋಗ ಮಂದಿರದ ಆಚೆ ಡಾಂಬರು ಬಿಟ್ಟು ಹೊಲದ ದಾರಿ ಹಿಡಿದೆವು. ದಂಡೆಯಲ್ಲಿ ಕಸ್ತೂರಿ ಗಾಡಿ ತಿರುಗಿಸಿ, ಗಿಡ್ಡ ಕೋಲು ಎಳೆದು, ಹಿಂದಕ್ಕೆ ಬಿಡತೊಡಗಿದಳು. ದಾರಿ ತೋರಿಸಲು ನಾನು ಕೆಳಗಿಳಿದು ನೀರಿನಲ್ಲಿ ನಿಂತೆ. ನನ್ನ ಎಡ ಅವಳ ಬಲವೋ, ಕನ್ನಡಿಯಲ್ಲಿ ಅದು ಮತ್ತೆ ಎಡವೋ ತಿಳಿಯದೆ ಎರಡೂ ಕೈ ಬೀಸಿದೆ. "ನೀವು ಸುಮ್ಮ ನಿಂದರ್ರಿ!" ಎಂಬ ಕೂಗು ಬಂತು. ಗಾಲಿಗಳು ಉಸುಕಿನಲ್ಲಿ ಗರಗರ ತಿರುಗಿ ನನಗೆ ತಲೆಯಿಂದ ಕಾಲಿನವರೆಗೆ ಅಭಿಷೇಕವಾಯಿತು. ಗಾಡಿ ಒಂದು ಕಡೆ ವಾಲಿದಾಗ ನಾನು ಎರಡೂ ಕೈಯಿಂದ ಅದನ್ನು ತಡೆದು ನಿಲ್ಲಿಸಲು ಹೋದೆ. ಶಂಕ್ರವ್ವ ಮಾತ್ರ ಪಟ್ಟಿ ಹಿಡಿದುಕೊಂಡು ಹೊಳೆಯನ್ನೇ ನೋಡುತ್ತಿದ್ದಳು. ನಾಲ್ಕೂ ಗಾಲಿ ಒಮ್ಮೆಗೇ ನೆಲ ಕಚ್ಚಿದವು. ಗಾಡಿ ಮೆಲ್ಲಗೆ ಜಾರಿ ನೀರಿಗಿಳಿದು ನಿಂತಿತು.

ನಾನೇ ಹಿಂಬಾಗಿಲು ತೆರೆದು ಅವಳ ಕಾಲುಗಳನ್ನು ಒಂದೊಂದಾಗಿ ಎತ್ತಿ ನೀರಿಗೆ ಇಳಿಬಿಟ್ಟೆ. ಹಗುರ ಕಾಲು. ತುಳಿದು ತುಳಿದು ಗಟ್ಟಿಯಾಗಿದ್ದ ಅಂಗಾಲು ಕೂಸಿನದರಂತೆ ಮೆತ್ತಗಾಗಿತ್ತು. ನನಗೆ ತಡೆಯಲಾಗಲಿಲ್ಲ.

"ಅಕ್ಕಾರ, ಏನರ ಗೊತ್ತಾಗತೈತೇನ್ರಿ?"

ಅವಳು ಬಗ್ಗಿ ನೋಡಿದಳು. ಹಿಮ್ಮಡದ ಸುತ್ತ ಸಣ್ಣ ಮೀನುಗಳು ಸೇರಿದ್ದವು. ಮುಟ್ಟುವುದು, ಓಡುವುದು, ಮತ್ತೆ ಬರುವುದು.

"ನನಗೇನೂ ಗೊತ್ತಾಗವಲ್ದು. ಮೀನಕ್ಕ ಗೊತ್ತಾಗೇತಿ ನೋಡ್ರಿ!" ಎಂದವಳೇ ನಗತೊಡಗಿದಳು. ಪಟ್ಟಿಯೊಳಗೆ ಮೈಯೆಲ್ಲ ಕುಲುಕುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ಮುಂದಿನಿಂದ ಕಸ್ತೂರಿಯ ದನಿ ಬಂತು. "ಏನಂದ್ಲು? ರೀ, ಅಕ್ಕ ಏನಂದ್ಲು? ಯಾಕ ನಗಾಕತ್ತಾಳು?"

ಆಗ ನನಗೆ ತಿಳಿಯಿತು. ದಂಡೆ ಇಳಿಜಾರು, ಕೈಬ್ರೇಕಿನ ಮೇಲೆ ಅವಳಿಗೆ ನಂಬಿಕೆಯಿಲ್ಲ. ಬ್ರೇಕು ತುಳಿದುಕೊಂಡು, ಹೊಳೆಗೆ ಬೆನ್ನು ಮಾಡಿ ಕೂತಿದ್ದಾಳೆ. ತಿರುಗುವಂತಿಲ್ಲ, ಇಳಿಯುವಂತಿಲ್ಲ. ಈ ಗಳಿಗೆಗಾಗಿಯೇ ಇಷ್ಟೆಲ್ಲ ಮಾಡಿದವಳು, ಅವಳೊಬ್ಬಳೇ ಅದನ್ನು ನೋಡಲಿಲ್ಲ. ನಾನು ಹೋಗಿ ಮೀನಿನ ಮಾತು ಹೇಳಿದೆ. ನನ್ನ ಬಾಯಲ್ಲಿ ಅದು ಸಪ್ಪೆಯಾಯಿತು. ಅವಳು ನಕ್ಕಂತೆ ಮಾಡಿ ಕಿಟಕಿಯ ಆಚೆ ಮುಖ ತಿರುಗಿಸಿದಳು.

ಅಂದಿನಿಂದ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ನನ್ನ ಅಭ್ಯಾಸ ನಡೆದಿದೆ. ತುಳಿಯುವುದು ಮೂರು, ಕಾಲು ಎರಡು. ಈ ಲೆಕ್ಕ ಮಾಡಿದವರು ಯಾರೋ! ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂದು ಈಗಲೂ ಒಮ್ಮೊಮ್ಮೆ ಬಗ್ಗಿ ನೋಡುತ್ತೇನೆ. ಪಕ್ಕದಲ್ಲಿ ಕೂತ ಕಸ್ತೂರಿ ಹಣೆ ಹಣೆ ಚಚ್ಚಿಕೊಳ್ಳುತ್ತಾಳೆ. ಆದರೆ ನಾನು ಇಲಕಲ್ಲಿನವರೆಗೆ ಗಾಡಿ ಹೊಡೆಯಬೇಕಾಗಿಲ್ಲ. ಗಾಡಿ ನೀರಿನಲ್ಲಿ ನಿಂತ ಮೇಲೆ ಅವಳ ಜಾಗಕ್ಕೆ ಸರಿದು ಬ್ರೇಕು ಹಿಡಿದರೆ ಸಾಕು.

ನಾಳೆ ಮತ್ತೆ ಹೋಗುತ್ತೇವೆ. ಹಿಂದಿನ ಸೀಟಿನಲ್ಲಿ ಒತ್ತಿ ಕೂತರೆ ಇಬ್ಬರಿಗೆ ಜಾಗವಿದೆ. ಬಕೆಟ್ಟಿನ ನೀರನ್ನು ಗಿಡಕ್ಕೆ ಸುರಿದು, ಸ್ಟೇರಿಂಗಿನ ಮುಂದೆ ಹತ್ತಿ ಕೂತು, ಬಲಗಾಲಿನಿಂದ ನಡುವಿನ ಬ್ರೇಕನ್ನು ಒತ್ತಿ ಹಿಡಿದು ನೋಡಿದೆ. ಅಕ್ಕತಂಗಿಯರು ನಗುವುದು ನಾಳೆ ನನಗೆ ಕಾಣುವುದಿಲ್ಲ. ಕಾಣದಿದ್ದರೂ ಸರಿ, ಕಾಲು ಮಾತ್ರ ತೆಗೆಯುವುದಿಲ್ಲ.