ಟಿಟ್ಟಿಭದ ತತ್ತಿಗೆ ನೆಟ್ಟ ಬಾವುಟ

ಹಕ್ಕಿ ನೋಡುವುದಕ್ಕೆ ಮನುಷ್ಯನಿಗೆ ಬೇಕಾದದ್ದು ಎರಡು ಕಣ್ಣು. ಹಾಗಿರುವಾಗ ಹಕ್ಕಿ ನೋಡುವವರು ತೊಡುವ ಅಂಗಿಗೆ ಹನ್ನೆರಡು ಜೇಬುಗಳೇಕೆ ಇರಬೇಕೆಂಬುದು ನನಗೆ ಈವರೆಗೂ ಬಗೆಹರಿದಿಲ್ಲ. ಬೀದರದ ನಮ್ಮ ಮೈಲೂರು ಬಡಾವಣೆಯಲ್ಲಿ ಮೊದಲೆಲ್ಲ ಬೆಳಗಿನ ವಾಯುವಿಹಾರಕ್ಕೆ ಹೊರಟವರ ಕೈಯಲ್ಲಿ ನಾಯಿ ಓಡಿಸಲು ಒಂದು ಕೋಲು ಇರುತ್ತಿತ್ತು. ಈಗ ಕೊರಳಲ್ಲಿ ದುರ್ಬೀನು, ತಲೆಗೆ ಅಗಲ ಅಂಚಿನ ಟೋಪಿ, ಮೈಮೇಲೆ ಆ ಜೇಬುಗಳ ಅಂಗಿ. ತಂತಿಯ ಮೇಲಿನ ಕಾಗೆಯನ್ನು ಕಂಡರೂ ಅದರ ಲ್ಯಾಟಿನ್ ಹೆಸರು ಬರೆದುಕೊಳ್ಳುತ್ತಾರೆ. ತನಗೆ ಅಂಥದೊಂದು ಹೆಸರಿದೆ ಎಂದು ಕಾಗೆಗೆ ಗೊತ್ತಿಲ್ಲದಿರುವುದು ಅದರ ಪುಣ್ಯ. ನಗುವುದಿದ್ದರೆ ನಗಿ ಓದುಗರೇ, ಆದರೆ ಅಂಥದೊಂದು ಅಂಗಿ ನನ್ನ ಕಪಾಟಿನಲ್ಲೂ ತೂಗಾಡುತ್ತಿದೆ, ಅದನ್ನು ತೊಟ್ಟು ನಾನು ಮಾಡಿದ ಘನಕಾರ್ಯವನ್ನೇ ಈಗ ಹೇಳಹೊರಟಿರುವುದು.

ನಾನು ಬೀದರದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಪ್ರಾಣಿಶಾಸ್ತ್ರ ಕಲಿಸಿದವನು. ಪ್ರಾಣಿಶಾಸ್ತ್ರವೆಂದರೆ ಕಪ್ಪೆಯ ಹೃದಯ, ಜಿರಲೆಯ ಬಾಯಿ, ಬಾಟಲಿಯಲ್ಲಿ ಮುಳುಗಿ ಬಿಳಿಚಿದ ಹಾವು. ಜೀವ ಇರುವ ಪ್ರಾಣಿಯ ಸಹವಾಸ ನನಗೆ ಅಷ್ಟಾಗಿ ಇರಲಿಲ್ಲ. ಅಂಥವನ ಮನೆಗೆ ಒಂದು ಬರಗಾಲದ ಫಾಲ್ಗುಣದಲ್ಲಿ ದೊಡ್ಡ ಊರಿನ ಸಂಶೋಧಕರೊಬ್ಬರು ಬಂದರು. ಬಯಲುಸೀಮೆಯ ಹಕ್ಕಿಗಳ ಸಂತಾನಾಭಿವೃದ್ಧಿ, ಆವಾಸ ಮತ್ತು ವಲಸೆ ಅವರ ವಿಷಯ. ಸ್ಥಳೀಯ ತಜ್ಞರೊಬ್ಬರು ಬೇಕಾಗಿದ್ದಾರೆ, ಪ್ರಬಂಧದಲ್ಲಿ ನಿಮ್ಮ ಹೆಸರೂ ಅಚ್ಚಾಗುತ್ತದೆ ಎಂದರು. ಮೂವತ್ತು ವರ್ಷದಲ್ಲಿ ನನ್ನ ಹೆಸರು ಅಚ್ಚಾಗಿದ್ದು ಪರೀಕ್ಷಾ ಮೇಲ್ವಿಚಾರಕರ ಪಟ್ಟಿಯಲ್ಲಿ, ಅದೂ ತಪ್ಪಾಗಿ. ಹೀಗಾಗಿ ನಾನು ಅರ್ಧ ಕಪ್ ಚಹಾ ಮುಗಿಯುವಷ್ಟರಲ್ಲಿ ತಜ್ಞನಾಗಲು ಒಪ್ಪಿಬಿಟ್ಟೆ.

ಸಂಶೋಧಕರು ಬಿಡಾರ ಮಾಡಿದ್ದು ಭಾಲ್ಕಿಯಲ್ಲಿ, ಯಾಕೆಂದರೆ ಅಲ್ಲಿಗೆ ರೈಲಿದೆ. ನಮ್ಮ ಕೆಲಸವಿದ್ದ ಔರಾದದ ಕಡೆಗೆ ರೈಲಿಲ್ಲ, ಬಸ್ಸೇ ಗತಿ, ಆ ಬಸ್ಸಿನಲ್ಲಿ ತಮ್ಮ ಸೊಂಟ ಕಳಚಿತೆಂದು ಅವರು ದಿನಾ ಗೊಣಗುತ್ತಿದ್ದರು. ಚಳಿಗಾಲಕ್ಕೆ ಸಾವಿರಾರು ಮೈಲಿ ಹಾರಿ ನಮ್ಮ ಕೆರೆಗಳಿಗೆ ಬರುವ ಬಾತುಗಳು ದಾರಿಯ ಬಗ್ಗೆ ಹೀಗೆ ಗೊಣಗಿದ್ದನ್ನು ಯಾರೂ ದಾಖಲಿಸಿಲ್ಲ. ವಲಸೆಯ ವಿಷಯದಲ್ಲಿ ಪಂಡಿತರಾದವರಿಗೆ ಪ್ರಯಾಣವೇ ಆಗುವುದಿಲ್ಲವೆಂಬುದು ನನಗೆ ಆಗಲೇ ಹೊಳೆಯಬೇಕಿತ್ತು.

ನಾವು ಆರಿಸಿಕೊಂಡದ್ದು ಔರಾದ ತಾಲೂಕಿನ ಡಾಬಕಾದ ಗಾಯರಾಣ, ಅಂದರೆ ಊರ ದನಕುರಿ ಮೇಯುವ ಸಾರ್ವಜನಿಕ ಬಯಲು. ಅಲ್ಲಿ ಊರವರು ಟಿಟವಿ ಎನ್ನುವ ಹಳದಿ ಟಿಟ್ಟಿಭಗಳು ಬಿಸಿಲುಗಾಲದಲ್ಲಿ ಬರಿ ನೆಲದ ಮೇಲೆ ಮೊಟ್ಟೆಯಿಡುತ್ತವೆ. ಗೂಡೆಂದು ಕರೆಯಲು ನಾಚಿಕೆಯಾಗುವಂಥ ಒಂದು ತಗ್ಗು, ಸುತ್ತ ನಾಲ್ಕು ಹರಳು, ಒಂದಿಷ್ಟು ಒಣ ಕುರಿಹಿಕ್ಕೆ. ಮೊಟ್ಟೆಯೂ ಮಣ್ಣಿನ ಬಣ್ಣದ್ದೇ ಆದ್ದರಿಂದ ಪಕ್ಕದಲ್ಲಿ ನಿಂತರೂ ಕಾಣುವುದಿಲ್ಲ. ಕಾಣುತ್ತಿದ್ದುದು ಭಾಗಮ್ಮನಿಗೆ. ಆಕೆ ಅರವತ್ತರ ಸಮೀಪದ ಕುರುಬರ ಹೆಂಗಸು; ಆ ವರ್ಷ ಹೊಲಗಳಲ್ಲಿ ಕಡ್ಡಿಯೂ ಉಳಿದಿರದೆ, ಆಕೆಯ ಕುರಿಗಳಿಗೆ ಉಳಿದಿದ್ದ ಒಂದೇ ಆಸರೆ ಆ ಗಾಯರಾಣ. ಕುರಿಗಳ ಮುಂದೆ ನಡೆಯುತ್ತ, ಎಲ್ಲೋ ಒಂದು ಕಡೆ ಕೋಲೂರಿ ಸುಮ್ಮನೆ ನಿಂತುಬಿಡುತ್ತಿದ್ದಳು. ಹಿಂಡು ಆಕೆಯ ಎರಡೂ ಬದಿಗೆ ಸೀಳಿಕೊಂಡು ಮುಂದೆ ಹೋಗುತ್ತಿತ್ತು. ದಣಿದು ನಿಂತಿದ್ದಾಳೆಂದು ನಾನು ತಿಳಿದಿದ್ದೆ. ಆಕೆಯ ಕಾಲ ಬುಡದಲ್ಲಿ ಮೊಟ್ಟೆಗಳಿದ್ದವೆಂದು ತಿಳಿಯಲು ತಜ್ಞನಿಗೆ ಒಂದು ವಾರ ಹಿಡಿಯಿತು.

ಎಲ್ಲೆಲ್ಲಿವೆ ತೋರಿಸು ಎಂದು ಕೇಳಿದಾಗ ಭಾಗಮ್ಮ ಆಕಾಶ ನೋಡಿದಳು, ಕುರಿ ನೋಡಿದಳು, ನೆಲವೊಂದನ್ನು ಬಿಟ್ಟು ಎಲ್ಲವನ್ನೂ ನೋಡಿದಳು. ಬಹಳ ಒತ್ತಾಯಿಸಿದ ಮೇಲೆ, “ಟಿಟವಿ ತತ್ತಿಗಿ ಬಟ್ಟು ಮಾಡಿ ತೋರ್ಸಬಾರ್ದರಿ ಮಾಸ್ತರ. ತೋರ್ಸಿದ್ರ ಕೆಡ್ತಾವ” ಎಂದಳು. ಎಳೆಗಾಯಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ ಎನ್ನುತ್ತಾರಲ್ಲ, ಆ ಜಾತಿಯ ನಂಬಿಕೆ. ಸಂಶೋಧಕರು ಮುಸಿಮುಸಿ ನಕ್ಕು ‘ಮೌಢ್ಯ’ ಎಂದು ಒಂದು ಜೇಬಿನ ಪುಸ್ತಕದಲ್ಲಿ ಬರೆದುಕೊಂಡರು. ನಾನೂ ನಕ್ಕೆ, ಅವರಿಗಿಂತ ಸ್ವಲ್ಪ ಜೋರಾಗಿಯೇ.

ನಾವು ಮೊಣಕಾಲ ಮೇಲೆ ತೆವಳಿ ಗೂಡುಗಳನ್ನು ಹುಡುಕಿದೆವು. ಹುಡುಕಿದ್ದು ಮತ್ತೆ ಕಳೆಯಬಾರದಲ್ಲ, ಪ್ರತಿಯೊಂದರ ಪಕ್ಕ ಒಂದು ಬಿದಿರುಕಡ್ಡಿ, ಅದರ ತುದಿಗೆ ಕಿತ್ತಳೆ ಬಣ್ಣದ ಬಟ್ಟೆ. ಬಾವುಟ ನೆಡುವ ಕೆಲಸ ನನ್ನದು. ಬೋಳು ಬಯಲು ತುಂಬ ಅವು ಪಟಪಟಿಸುವುದನ್ನು ಕಂಡು ನನಗೆ ಎಂಥ ಹೆಮ್ಮೆ! ಒಂದು ವಾರ ಕಳೆಯುವಷ್ಟರಲ್ಲಿ ಗೂಡುಗಳು ಒಂದೊಂದಾಗಿ ಬರಿದಾದವು. ಸಂಶೋಧಕರು ಕಾರಣದ ಅಂಕಣದಲ್ಲಿ ‘ಕುರಿಗಳ ತುಳಿತ’ ಎಂದು ಬರೆಯತೊಡಗಿದರು, ಸಾಲಿನ ಕೆಳಗೆ ಸಾಲು.

ಒಂದು ಬೆಳಿಗ್ಗೆ ನಾನು ಒಬ್ಬನೇ ಜಾಲಿಗಿಡದ ಮರೆಯಲ್ಲಿ ಕೂತಿದ್ದೆ. ಅತ್ತ ಭಾಗಮ್ಮನ ಕುರಿಗಳು ಇನ್ನೂ ದೂರದಲ್ಲಿದ್ದವು. ಕಾಗೆಯೊಂದು ನೇರ ಬಂದು ನಾನು ನೆಟ್ಟ ಕಡ್ಡಿಯ ಮೇಲೆ ಕೂತಿತು, ಕತ್ತು ಓರೆ ಮಾಡಿ ಕೆಳಗೆ ನೋಡಿತು, ಇಳಿಯಿತು, ತಿಂದಿತು. ಟಿಟ್ಟಿಭಗಳೆರಡೂ ಚೀರುತ್ತ ಅದರ ತಲೆಯ ಮೇಲೆ ಎರಗುತ್ತಿದ್ದವು; ಅದು ಕೊಕ್ಕು ಒರೆಸಿಕೊಂಡು ಮುಂದಿನ ಬಾವುಟಕ್ಕೆ ಹೋಯಿತು. ಎಲೆ ಹಾಕಿದಲ್ಲಿ ಹೋಗಿ ಕೂರುವ ಊಟಗಾರನಂತೆ ಸಾಲು ಬಿಡದೆ ಹೋಯಿತು. ಬೆರಳು ತೋರಿಸಿದವನು ನಾನೇ ಎಂದು ಆಗ ಗೊತ್ತಾಯಿತು.

ಓಡಿಹೋಗಿ ಸಂಶೋಧಕರಿಗೆ ಹೇಳಿದೆ. ಅವರು ಸಹನೆಯಿಂದ ಕೇಳಿಸಿಕೊಂಡು, ಒಂದು ಕಾಗೆ ಪುರಾವೆಯಾಗುವುದಿಲ್ಲ, ವಿಜ್ಞಾನದಲ್ಲಿ ಭಾವುಕತೆ ಸಲ್ಲದು ಎಂದರು. ಕುರಿ ತುಳಿದದ್ದನ್ನು ಅವರು ಎಷ್ಟು ಸಲ ನೋಡಿದ್ದರೆಂದು ನಾನು ಕೇಳಬೇಕಿತ್ತು. ಕೇಳಿದರೆ ಅಚ್ಚಾಗಲಿರುವ ನನ್ನ ಹೆಸರಿನ ಗತಿ ಏನು? ಬಾವುಟಗಳನ್ನಾದರೂ ಕೀಳಬಹುದಿತ್ತು, ಅದನ್ನೂ ಮಾಡಲಿಲ್ಲ. ವಿದ್ಯೆ ವಿನಯ ಕೊಡುತ್ತದೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಾರೆ. ನನಗೆ ಕೊಟ್ಟದ್ದು ಹೇಡಿತನ.

ವೈಶಾಖದಲ್ಲಿ ಔರಾದದಲ್ಲಿ ಅಧಿಕಾರಿಗಳ ಸಭೆ ಸೇರಿತು. ಹಕ್ಕಿಗಳನ್ನು ಉಳಿಸಲು ಗಾಯರಾಣಕ್ಕೆ ತಂತಿಬೇಲಿ ಹಾಕಿ ಕುರಿಗಳನ್ನು ಹೊರಗಿಡಬೇಕೋ ಬೇಡವೋ ಎಂಬುದು ನಮ್ಮ ವರದಿಯ ಮೇಲೆ ನಿಂತಿತ್ತು. ಸಂಶೋಧಕರು ಪರದೆಯ ಮೇಲೆ ಅಂಕಿಅಂಶದ ಬಣ್ಣಬಣ್ಣದ ಕಂಬಗಳನ್ನು ತೋರಿಸಿದರು. ಅಧಿಕಾರಿಗಳು ಗೋಡಂಬಿ ಅಗಿಯುತ್ತ ತಲೆದೂಗಿದರು. ಕೊನೆಗೆ ಬಾಗಿಲ ಬಳಿ ನಿಂತಿದ್ದ ಭಾಗಮ್ಮ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು.

“ಕುರಿ ತುಳದು ತತ್ತಿ ಒಡದಾವ ಅಂತ ಬರದೀರಿ. ನೋಡಿದವ್ರು ಯಾರರಿ? ಈ ಮಾಸ್ತರ ದಿನಾ ಅಲ್ಲೇ ಕೂಡ್ತಿದ್ರು. ಅವ್ರು ಏನ್ ನೋಡ್ಯಾರ, ಅವ್ರನ್ನೇ ಕೇಳ್ರಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಕಾಗೆ ಕೊಕ್ಕು ಒರೆಸಿದ್ದು ಕಣ್ಣ ಮುಂದೆಯೇ ಇತ್ತು. ನಾನು ಗಂಟಲು ಸರಿಪಡಿಸಿಕೊಂಡು, “ಈ ಬಗ್ಗೆ ಹೆಚ್ಚಿನ ಅಧ್ಯಯನದ ಅಗತ್ಯವಿದೆ” ಎಂದೆ. ಲೋಕದಲ್ಲಿ ಇದಕ್ಕಿಂತ ನೀಚವಾದ ವಾಕ್ಯ ಇರಬಹುದು, ನನ್ನ ಬಾಯಿಂದ ಬಂದಿಲ್ಲ. ಭಾಗಮ್ಮ ಸಿಟ್ಟಾಗಲಿಲ್ಲ, ನನ್ನನ್ನು ಒಂದು ಗಳಿಗೆ ನೋಡಿ ಹೊರಗೆ ಹೋದಳು. ಹದಿನೈದು ದಿನದಲ್ಲಿ ತಂತಿ ಬಂತು. ಆಕೆ ಹಿಂಡು ಹೊಡೆದುಕೊಂಡು, ಮಗ ಸೊಸೆಯ ಜೊತೆ ಮಹಾರಾಷ್ಟ್ರದ ಗಡಿ ದಾಟಿದಳು. ಇದನ್ನು ಯಾವ ಸಂಶೋಧಕರೂ ವಲಸೆಯೆಂದು ದಾಖಲಿಸಲಿಲ್ಲ.

ಮಳೆ ಅಷ್ಟಿಷ್ಟು ಬಿತ್ತು. ಮೇಯುವ ಬಾಯಿಗಳಿಲ್ಲದೆ ಗಾಯರಾಣದಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದು ಒಣಗಿತು. ಮರುವರ್ಷದ ಬಿಸಿಲಿಗೆ ಒಂದೂ ಟಿಟ್ಟಿಭ ಬರಲಿಲ್ಲ. ಅವುಗಳಿಗೆ ಬೇಕಾದದ್ದು ಕುರಿ ಮೇಯ್ದು ಬೋಳಾದ ನೆಲ, ಸುತ್ತ ಹರಡಿದ ಹಿಕ್ಕೆ. ಸಂಶೋಧಕರು ದೊಡ್ಡ ಊರಿನಿಂದ ಪತ್ರ ಬರೆದು, ಇದು ಹವಾಮಾನ ಬದಲಾವಣೆಯ ಪರಿಣಾಮವೆಂದೂ ಹೊಸದೊಂದು ಪ್ರಬಂಧಕ್ಕೆ ಇದು ಒಳ್ಳೆಯ ವಿಷಯವೆಂದೂ ತಿಳಿಸಿದರು. ಮೊದಲ ಪ್ರಬಂಧದ ಪ್ರತಿಯೂ ಜೊತೆಗಿತ್ತು. ನನ್ನ ಹೆಸರು ಅಚ್ಚಾಗಿತ್ತು, ಈ ಸಲ ಅಕ್ಷರ ತಪ್ಪಿರಲಿಲ್ಲ, ಅದನ್ನು ನೋಡಲು ನನಗೆ ಅಸಹ್ಯವಾಯಿತು. ಅವತ್ತೇ ಕೂತು ಕಂಡದ್ದನ್ನೆಲ್ಲ, ಬಾವುಟ ನೆಟ್ಟವನು ನಾನೆಂಬುದೂ ಸೇರಿ, ಸಭೆ ನಡೆಸಿದವರಿಗೆ ಬರೆದೆ. ನನ್ನ ಪತ್ರವನ್ನು ಅಭಿಪ್ರಾಯಕ್ಕಾಗಿ ಅದೇ ಸಂಶೋಧಕರಿಗೆ ಕಳಿಸಲಾಗಿದೆ ಎಂದು ಉತ್ತರ ಬಂತು.

ಪತ್ರದ ನಕಲು ಹಿಡಿದು, ಎರಡು ಬಸ್ಸು ಬದಲಿಸಿ ಗಡಿಯಾಚೆ ಹೋದೆ. ಭಾಗಮ್ಮ ಯಾರದೋ ಪಾಳುಹೊಲದ ಅಂಚಿನಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದಳು, ವರ್ಷದಲ್ಲಿ ಇಳಿದುಹೋಗಿದ್ದಳು. ಹಿಂಡಿನಲ್ಲಿ ಅರ್ಧ ಉಳಿದಿತ್ತು. ನಾನು ಪತ್ರ ಓದಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ಈಗ ಬರೆದರೆ ತಂತಿ ತೆಗೆಯುತ್ತಾರಾ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಆಮೇಲೆ ಚಹಾ ಕೊಟ್ಟಳು, ಹಳೇ ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ. ಅಷ್ಟರಲ್ಲಿ ಎಲ್ಲೋ ಹತ್ತಿರದಲ್ಲಿ ಟಿಟ್ಟಿಭವೊಂದು ಕೂಗಿತು. ನನಗೆ ತಡೆಯಲಾಗಲಿಲ್ಲ, ಇಲ್ಲಿ ಟಿಟವಿ ಮೊಟ್ಟೆ ಇಟ್ಟಿವೆಯೇ ಎಂದು ಕೇಳಿಯೇಬಿಟ್ಟೆ.

ಭಾಗಮ್ಮ ಕುರಿಗಳ ಕಡೆ ನೋಡುತ್ತ ಹೇಳಿದಳು: “ಅದಾವರಿ, ಬೇಕಾದಷ್ಟ ಅದಾವ. ಆದ್ರ ಎಲ್ಲಿ ಅದಾವ ಅಂತ ನಿಮಗ ಹೇಳಂಗಿಲ್ರಿ.”

ಬಸ್ಸಿನ ರಸ್ತೆ ಸಿಗುವ ತನಕ ನೆಲ ನೋಡುತ್ತ, ಒಂದೊಂದೇ ಹೆಜ್ಜೆ ಎತ್ತಿಡುತ್ತ ಆ ಹೊಲ ದಾಟಿದೆ.