ಸಂಕದ ಈಚೆ ಕಟ್ಟಿದ ಬೀಡಿ

ಎಳವೆಯಲ್ಲಿ ಬಂದ ಜ್ವರದಿಂದ ನನ್ನ ಬಲಗಾಲು ಸೊರಗಿಹೋಗಿತ್ತು. ನಮ್ಮ ಮನೆಗೂ ಬೀಡಿ ಅಂಗಡಿಯಿದ್ದ ನಾಯ್ಮಾರ್ಮೂಲೆಯ ದಾರಿಗೂ ನಡುವೆ ನೀರು ಹರಿಯುವ ತೋಡು. ಅದಕ್ಕೆ ಎರಡು ಅಡಕೆಮರ ಅಡ್ಡ ಹಾಕಿದ ಸಂಕ. ಅದನ್ನು ದಾಟುವುದು ನನ್ನಿಂದಾಗದ ಮಾತು. ಹಾಗಾಗಿ ಅಂಗಡಿಯಿಂದ ಅಣ್ಣ ತರುತ್ತಿದ್ದ ಎಲೆ, ಹೊಗೆಸೊಪ್ಪನ್ನು ಮೊರದಲ್ಲಿಟ್ಟುಕೊಂಡು ಜಗಲಿಯಲ್ಲೇ ಬೀಡಿ ಕಟ್ಟುತ್ತಿದ್ದೆ. ಮೊರ ತೊಡೆಯ ಮೇಲಿದ್ದಷ್ಟು ಹೊತ್ತು ನಾನು ಯಾರಿಗೂ ಭಾರವಲ್ಲ ಅನ್ನಿಸುತ್ತಿತ್ತು.

ಅಂಗಡಿ ಧಣಿಯ ಗುಮಾಸ್ತ ಮಹಾ ಕಿಲಾಡಿ. ದಿನಾ ಸಂಜೆ ಒಂದು ಹಿಡಿ ಬೀಡಿಯನ್ನು ಹಾಳೆಂದು ಬದಿಗಿಡುತ್ತಿದ್ದ. ಅದಕ್ಕೆ ಕೂಲಿ ಇಲ್ಲ, ಮಾರಾಟ ಮಾತ್ರ ಉಂಟು. ಕೆಲಸಗಾರರ ಸಂಘ ಬಂದ ಮೇಲೆ, ಹಾಳೆಂದದ್ದನ್ನು ಕಟ್ಟಿದವರ ಕಣ್ಣೆದುರೇ ಮುರಿಯಬೇಕೆಂದಾಯಿತು. ಆ ದಿನದಿಂದ ಅವನಿಗೆ ನಮ್ಮ ಬೀಡಿಯೆಲ್ಲ ಚೆಂದ ಕಾಣತೊಡಗಿತು. ಅಣ್ಣ ಅದನ್ನು ಹೇಳಿದಾಗ ನಕ್ಕು ನಕ್ಕು ಸುಸ್ತಾಗಿದ್ದೆ. ಸಂಘವೆಂದರೆ ಆಗ ನನಗೆ ದೇವರಷ್ಟೇ ನಂಬಿಕೆ.

ಮುಂದೆ ಕೂಲಿ ಹೆಚ್ಚಿಸಲೆಂದು ಮುಷ್ಕರ ಹೂಡಿದರು. ಧಣಿ ಗುಟ್ಟಿನಲ್ಲಿ ಮನೆಮನೆಗೆ ಎಲೆ ಕಳಿಸಿದ. ನಮ್ಮ ಜಗಲಿಗೂ ಗುಮಾಸ್ತ ಬಂದ.

"ಸಂಘದಲ್ಲಿ ನಿನ್ನ ಹೆಸರೇ ಇಲ್ಲವಲ್ಲ, ನಿನಗೆಂತ ಮುಷ್ಕರ?"

ಅವನು ಹೇಳಿದ್ದು ನಿಜ. ನಾನು ಕಟ್ಟಿದ್ದೆಲ್ಲ ಅಣ್ಣನ ಹೆಸರಿಗೆ ಹೋಗುತ್ತಿತ್ತು. ಮನೆಯಲ್ಲಿ ಗಂಜಿ ತೆಳ್ಳಗಾಗಿತ್ತು. ಆದರೂ ನಾನು ಆ ಎಲೆ ಮುಟ್ಟಲಿಲ್ಲ. ಹಲವರು ಮುಟ್ಟಿದರು.

ಮುಷ್ಕರ ಗೆದ್ದಿತು. ಆ ಸಂಜೆ ಅಣ್ಣ ನನ್ನ ಮುಖ ನೋಡದೆ ಹೇಳಿದ:

"ಇನ್ನು ಮನೆಗೆ ಎಲೆ ಕೊಡುವುದು ಬೇಡ ಅಂತ ಸಂಘದಲ್ಲಿ ಆಯಿತು. ಕಟ್ಟುವುದಾದರೆ ಅಂಗಡಿಯಲ್ಲೇ ಕೂತು ಕಟ್ಟಬೇಕಂತೆ. ಮನೆಯವರನ್ನು ಹಿಡಿದೇ ಅಲ್ವಾ ಧಣಿ ನಮ್ಮನ್ನು ಮುರಿಯಲಿಕ್ಕೆ ನೋಡಿದ್ದು."

"ನಾನು ಮುಟ್ಟಿದೆನಾ?"

"ಇಲ್ಲ. ಅದನ್ನು ಸಭೆಯಲ್ಲಿ ಹೇಳಿದೆ. ನಿನಗೂ ಒಂದು ಜಾಗ ಇಟ್ಟಿದ್ದಾರೆ, ಕಿಟಕಿಯ ಹತ್ತಿರ."

"ಸಂಕ ಯಾರು ದಾಟಿಸುವುದು?"

"ನಾನು ಹೊತ್ತುಕೊಂಡು ಹೋಗುತ್ತೇನೆ."

"ದಿನಾ? ಮಳೆಗಾಲದಲ್ಲೂ?"

ಅವನು ಕಾಲು ತೊಳೆಯಲು ಅಂಗಳಕ್ಕಿಳಿದ. ನನಗೆ ಸಿಟ್ಟು ಉಕ್ಕಿ ಬಂತು, ಯಾರ ಮೇಲೆ ತೀರಿಸಬೇಕೆಂದು ತಿಳಿಯಲಿಲ್ಲ. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಧಣಿಗೆ ನಮ್ಮಂಥವರ ಜಗಲಿಗಳೇ ಕಳ್ಳದಾರಿಯಾಗಿದ್ದವು. ತಪ್ಪಿದ್ದರೆ ಜಗಳವಾದರೂ ಆಡಬಹುದಿತ್ತು. ಅತ್ತ ದರಿ, ಇತ್ತ ಪುಲಿ.

ಮರುದಿನ ಬೆಳಿಗ್ಗೆ ಅಣ್ಣ ಹೆಚ್ಚಿದ ಕೂಲಿಯ ಕೆಲಸಕ್ಕೆ ಒಬ್ಬನೇ ಹೊರಟ. ಅವನು ಸಂಕ ದಾಟುವುದು ಜಗಲಿಗೆ ಕಾಣುತ್ತಿತ್ತು. ಅಮ್ಮ ನನ್ನ ಮೊರವನ್ನು ಒರೆಸಿ, ಅದರಲ್ಲಿ ಹಪ್ಪಳ ಹರವಿ ಬಿಸಿಲಿಗಿಟ್ಟಳು.

"ಕಾಗೆ ಬಾರದ ಹಾಗೆ ನೋಡಿಕೊ" ಎಂದಳು.