ರುಚಿ ನೋಡದ ಅಡುಗೆ

ನಾನು ಅಡುಗೆಗೆ ನಿಂತರೆ ಕೈಗಿಂತ ನಾಲಿಗೆಗೇ ಹೆಚ್ಚು ಕೆಲಸ. ಉಪ್ಪು ಹಾಕಿದೆನೋ, ಅಂಗೈಗೆ ಒಂದು ತೊಟ್ಟು; ಹುಳಿ ಬಿಟ್ಟೆನೋ, ಇನ್ನೊಂದು ತೊಟ್ಟು. ಈ ಚಪಲಕ್ಕಾಗಿಯೇ ನನ್ನ ಅತ್ತೆ ದೇವರ ನೈವೇದ್ಯದ ಹತ್ತಿರ ನನ್ನನ್ನು ಸುಳಿಯಗೊಡುತ್ತಿರಲಿಲ್ಲ. ದೇವರಿಗಿಂತ ಮೊದಲು ಮನುಷ್ಯರ ನಾಲಿಗೆ ಮುಟ್ಟಬಾರದು ಎಂಬುದು ಅವರ ನಿಯಮ. ನೈವೇದ್ಯದ ಪಾಯಸ ಮಾಡುವ ಕಂಚಿನ ಉರುಳಿಯನ್ನು ತೊಳೆಯಲಿಕ್ಕೂ ನನ್ನ ಕೈಗೆ ಕೊಟ್ಟವರಲ್ಲ.

ಊರಿನಿಂದ ದೂರ, ಸಾನಪಾಡಾದಲ್ಲಿ ನಮ್ಮದೊಂದು ಸಣ್ಣ ಸಸ್ಯಾಹಾರಿ ಹೋಟೆಲು. ಮಹಡಿಯ ಮೇಲೆ ಮನೆ. ಉಡುಪಿ ಹೋಟೆಲೆಂದರೆ ಅಡುಗೆಗೆ ಇಂಥವರೇ ಇರಬೇಕೆಂದು ಅತ್ತೆ ನಂಬಿದ್ದರು. ಹಾಗಾಗಿ ನನ್ನ ಗಂಡ ರಬಾಳೆಯ ಕಾರ್ಖಾನೆಯೊಂದರ ಕ್ಯಾಂಟೀನಿನಿಂದ ನಮ್ಮೂರ ಕಡೆಯ ಕ್ರಿಶ್ಚಿಯನ್ನರೊಬ್ಬರನ್ನು ಅಡುಗೆಗೆ ಕರೆತಂದಾಗ ಮುಖ ಊದಿಸಿಕೊಂಡರು. ಊರಿನ ರೂಢಿಯಂತೆ ‘ಪೊರ್ಬುಗಳು’ ಎಂದು ಮರ್ಯಾದೆಯಿಂದಲೇ ಕರೆದರು, ಆದರೆ ಕೆಳಗಿಳಿದು ಅವರ ಕೆಲಸ ನೋಡಲಿಲ್ಲ.

ನಾನು ದಿನವೂ ನೋಡುತ್ತಿದ್ದೆ. ಪೊರ್ಬುಗಳು ಮೊದಲ ಲೋಕಲ್ ರೈಲಿಗೆ ಬಂದು, ಒಲೆ ಒರೆಸಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡೇ ಗ್ಯಾಸು ಹಚ್ಚುತ್ತಿದ್ದರು. ಹಿಟ್ಟು ರುಬ್ಬುವಾಗ ಅವರ ಬಾಯಲ್ಲಿ ಕೊಂಕಣಿಯ ಯಾವುದೋ ಭಕ್ತಿಗೀತೆ. ಮುರಿದ ಇಡ್ಲಿಯನ್ನು ಅವರು ಪಾರ್ಸೆಲಿಗೂ ಹಾಕುತ್ತಿರಲಿಲ್ಲ. ಒಂದು ಬೆಳಿಗ್ಗೆ ಚಟ್ನಿ ಮುಗಿಯುತ್ತ ಬಂದಾಗ ನನ್ನ ಗಂಡ, ಸ್ವಲ್ಪ ನೀರು ಸೇರಿಸಿ ಸುಧಾರಿಸಿ, ಯಾರಿಗೆ ಗೊತ್ತಾಗುತ್ತದೆ ಎಂದರು. ಪೊರ್ಬುಗಳು ಮಿಕ್ಸಿಗೆ ಹೊಸದಾಗಿ ಕಾಯಿ ಹಾಕುತ್ತ ನಕ್ಕರು.

“ನಮ್ಮ ದೇವರು ಬಡಗಿ ಕೆಲಸ ಮಾಡಿದವ, ಧಣಿ. ಅವ ಮಾಡಿದ ಮಣೆ ಅಲುಗಾಡ್ತಿತ್ತು ಅಂತ ನಂಗೆ ಅನ್ಸುದಿಲ್ಲ.”

ಗಂಡ ತೆಪ್ಪಗೆ ಗಲ್ಲಾಕ್ಕೆ ಹೋಗಿ ಕೂತರು. ನನಗಂತೂ ಆ ಮಾತು ಬಹಳ ಹಿಡಿಸಿತು. ದೇವರನ್ನು ಮೇಲಿಟ್ಟು ದುಡಿಮೆಯನ್ನು ಕೆಳಗಿಟ್ಟು, ನಡುವೆ ಮೆಟ್ಟಿಲು ಕಟ್ಟಿಕೊಂಡವರು ನಾವು. ಅವರಿಗೆ ಎರಡೂ ಒಂದೇ ಒಲೆಯ ಹತ್ತಿರ ಇದ್ದವು.

ಈ ಸಲ ಹೋಟೆಲಿನ ವಾರ್ಷಿಕ ಪೂಜೆಯನ್ನು, ಹೇಗೂ ರಜೆಯಲ್ಲವೇ ಎಂದು, ಗುಡ್ ಫ್ರೈಡೇ ದಿನ ಇಟ್ಟುಕೊಂಡೆವು. ಪೊರ್ಬುಗಳಿಗೆ ಅದೆಂಥ ದಿನವೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಅವರೂ ಬೇಸರಿಸಲಿಲ್ಲ; ಮಧ್ಯಾಹ್ನ ಚರ್ಚಿಗೆ ಬಿಟ್ಟರೆ ಸಾಕು ಎಂದರು.

ಅಷ್ಟರಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ಹೋಟೆಲು ಶುರುವಾದಾಗಿನಿಂದ ಪೂಜೆಯ ನೈವೇದ್ಯ ಅವರ ಕೈಯದೇ. ಡೊಂಬಿವಲಿಯ ಅಡುಗೆ ಭಟ್ಟರನ್ನು ಕೇಳಿದರೆ, ಬೇರೆ ಕಡೆ ಒಪ್ಪಿಕೊಂಡಾಗಿತ್ತು. ನಾನು ಲೆಕ್ಕಕ್ಕೇ ಇಲ್ಲ. ಈ ವರ್ಷ ದೇವರಿಗೆ ಹಾಲು ಹಣ್ಣು ಇಟ್ಟರೆ ಸಾಕು ಎಂದು ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಅವರು ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಎಷ್ಟು ಜಗಳವಾಡಿದ್ದರೇನು, ನನಗೆ ಸಂಕಟವಾಯಿತು.

ಪೂಜೆಯ ದಿನ, ಗಿರಾಕಿಗಳ ಊಟವಾದರೂ ಸರಿಯಾಗಲಿ ಎಂದು ಅತ್ತೆ ಕೆಳಗಿಳಿದು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಪೊರ್ಬುಗಳು ಉಪ್ಪನ್ನು ಅಂಗೈಯಲ್ಲಿ ಹಿಡಿದು, ಒಂದು ಕ್ಷಣ ನೋಡಿ, ಸಾರಿಗೆ ಹಾಕಿದರು. ಪಲ್ಯ ಇಳಿಸಿದರು. ಒಂದು ತೊಟ್ಟನ್ನೂ ಬಾಯಿಗೆ ಬಿಟ್ಟುಕೊಳ್ಳಲಿಲ್ಲ. ಬೇರೆ ದಿನ ಅವರೂ ರುಚಿ ನೋಡುವವರೇ.

“ರುಚಿ ನೋಡುದಿಲ್ವಾ ಪೊರ್ಬುಗಳೇ?” ಅತ್ತೆ ಕೇಳಿದರು.

“ಇವತ್ತಿಲ್ಲ ಅಮ್ಮ. ನಮ್ಮ ದೇವರು ಜೀವ ಬಿಟ್ಟ ದಿನ. ಚರ್ಚಿಂದ ಬರುವವರೆಗೆ ನಾಲಗೆಗೆ ಎಂತದೂ ಇಲ್ಲ.”

“ಉಪವಾಸ ಇದ್ದುಕೊಂಡು ಇಷ್ಟು ಜನಕ್ಕೆ ಅಡುಗೆಯಾ?”

“ಉಪವಾಸ ನಂಗೆ. ಬರುವವರಿಗೆ ಹಸಿವುಂಟಲ್ಲ. ಅವರಿಗೆ ಮಾಡಿ ಹಾಕುದೂ ಪ್ರಾರ್ಥನೆಯೇ.”

ಪೊರ್ಬುಗಳು ಪಾಯಸಕ್ಕೆ ಪಾತ್ರೆ ತೆಗೆಯುವಾಗ ಅತ್ತೆ ನನ್ನ ಕಡೆ ತಿರುಗಿ, ಮೇಲಿನಿಂದ ಉರುಳಿ ತಂದು ಅವರಿಗೆ ಕೊಡು, ದೇವರ ಪಾಯಸ ಅದರಲ್ಲೇ ಆಗಲಿ ಎಂದರು. ನಾನು ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿದೆ. ಉರುಳಿಯನ್ನು ಮುಂದೆ ಹಿಡಿದಾಗ ಪೊರ್ಬುಗಳು ಹಿಂದೆ ಸರಿದರು.

“ದೇವರ ಪಾಯಸಕ್ಕೆ ನನ್ನ ಕೈ ಆಗ್ತದಾ ಅಮ್ಮ?”

“ನಿಮ್ಮ ಕೈಯನ್ನು ಬೆಳಿಗ್ಗೆಯಿಂದ ನೋಡಿದೆ. ಅದಕ್ಕೇ ಹೇಳಿದ್ದು.”

ಪೊರ್ಬುಗಳು ಮತ್ತೊಮ್ಮೆ ಕೈ ತೊಳೆದು, ಶಿಲುಬೆಯ ಗುರುತು ಮಾಡಿಕೊಂಡು, ಉರುಳಿಯನ್ನು ಒಲೆಯ ಮೇಲಿಟ್ಟರು. ಅತ್ತೆ ಮುಖ ತಿರುಗಿಸಲಿಲ್ಲ. ಆ ಪಾಯಸವೇ ದೇವರ ಮುಂದೆ ಹೋಯಿತು. ಊಟದ ಗದ್ದಲ ಶುರುವಾಗುವ ಹೊತ್ತಿಗೆ ಪೊರ್ಬುಗಳು ಅಂಗಿ ಬದಲಿಸಿ ಬರಿಹೊಟ್ಟೆಯಲ್ಲಿ ಚರ್ಚಿಗೆ ಹೊರಟರು. ನನಗೆ ಕೈಮುಗಿಯಬೇಕೆನಿಸಿತು, ಮುಗಿದೆ.

ಅತ್ತೆಯ ಪ್ಲಾಸ್ಟರ್ ಬಿಚ್ಚಿ ಕೈ ಸರಿಯಾಗಿ ತಿಂಗಳುಗಳೇ ಆದವು. ಉರುಳಿ ಮಾತ್ರ ಮೇಲೆ ಬರಲಿಲ್ಲ. ಕೆಳಗೆ ಒಲೆಯ ಪಕ್ಕದಲ್ಲೇ ಇದೆ, ಪೊರ್ಬುಗಳೇ ತೊಳೆದಿಡುತ್ತಾರೆ. ನನಗೆ ಹೊಟ್ಟೆಕಿಚ್ಚಾಗಿದೆ, ಸುಳ್ಳೇಕೆ ಹೇಳಲಿ. ಆದರೆ ಈಗ ಆ ಒಲೆಯ ಹತ್ತಿರ ನಿಂತಾಗ ಸೌಟನ್ನು ಅಂಗೈಗೆ ಬಗ್ಗಿಸುವ ಮೊದಲು ಒಂದು ಕ್ಷಣ ತಡೆಯುತ್ತೇನೆ. ಆಮೇಲೆ ರುಚಿ ನೋಡಿಯೇ ಬಿಡುತ್ತೇನೆ, ಅದು ಬೇರೆ ಮಾತು.